ಪ್ಯಾರಾಲೀಗಲ್ ಕೆಲಸಕ್ಕೆ ಸೇರಬೇಕು ಅಂತಿದ್ದೀರಾ? ಮೊದಲು ಇದನ್ನು ಓದಿ

"ಪ್ಯಾರಾಲೀಗಲ್ ಅಂದ್ರೆ ಅರ್ಧ ವಕೀಲರಾ?" "ಕೋರ್ಟಿಗೆ ಹೋಗೋಕೆ ಸಿಗುತ್ತಾ?" "ಬರೀ ಜೆರಾಕ್ಸ್ ಮಾಡಿಸ್ತಾರಂತೆ, ಹೌದಾ?" ಇದೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆದು ಸಾಕಾಯಿತು. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ. ನಾನು ಈ ಕೆಲಸದಲ್ಲಿ ಸುಮಾರು ವರ್ಷ ಕಳೆದವಳು, ಆದ್ದರಿಂದ ಇಲ್ಲಿ ಮೆಚ್ಚುಗೆಯೂ ಇದೆ, ಗೊಣಗಾಟವೂ ಇದೆ.

ಸೇರುವ ಮುಂಚೆ ಒಂದು ಮಾತು ತಲೆಯಲ್ಲಿರಲಿ. ಇಲ್ಲಿ ನಿಮ್ಮ ಸಂಬಳ ಬರುವುದು ತಾರೀಖು ಕಾಯುವುದಕ್ಕೆ, ಕಾಗದ ಕಾಯುವುದಕ್ಕೆ. ವಾದ ಮಾಡುವವರು ಬೇರೆ. ಅವರು ವಾದಕ್ಕೆ ಎದ್ದು ನಿಂತಾಗ ಕೈಗೆ ಬೇಕಾದ ಹಾಳೆ ಬೇಕಾದ ಕ್ಷಣಕ್ಕೆ ಸಿಕ್ಕಿತಾ, ಅನ್ನುವುದೇ ನಿಮ್ಮ ಪರೀಕ್ಷೆ. ಸಿಕ್ಕಿದರೆ ಯಾರೂ ಗಮನಿಸುವುದಿಲ್ಲ. ಸಿಗದಿದ್ದರೆ ಎಲ್ಲರೂ ನಿಮ್ಮ ಕಡೆ ತಿರುಗುತ್ತಾರೆ.

1. ಹೆಸರು ಒಂದೇ, ಕೆಲಸ ಬೇರೆ ಬೇರೆ: ಮೊದಲು ಇದನ್ನು ಬಿಡಿಸಿಕೊಳ್ಳಿ

ಪ್ಯಾರಾಲೀಗಲ್ ಅಂದರೆ ವಕೀಲರು ವಹಿಸಿದ ಕಾನೂನು ಕೆಲಸವನ್ನು ಅವರ ಹೊಣೆಗಾರಿಕೆಯಲ್ಲಿ ಮಾಡುವವರು. ಅಮೆರಿಕನ್ ಬಾರ್ ಅಸೋಸಿಯೇಷನ್ ಕೊಡುವ ವಿವರಣೆಯ ತಿರುಳೂ ಇದೇ. ಕೆಲಸ ಮಾಡುವುದು ನೀವು, ಅದಕ್ಕೆ ಉತ್ತರ ಕೊಡಬೇಕಾದವರು ವಕೀಲರು.

ಆದರೆ ಗಡಿ ದಾಟಿದರೆ ಅರ್ಥ ಬದಲಾಗುತ್ತದೆ. ಕೆನಡಾದ ಒಂಟಾರಿಯೊದಲ್ಲಿ 2007ರಿಂದ ಪ್ಯಾರಾಲೀಗಲ್‌ಗಳಿಗೆ ಅಲ್ಲಿನ ಲಾ ಸೊಸೈಟಿಯೇ, ಅಂದರೆ ವಕೀಲರಿಗೆ ಲೈಸೆನ್ಸ್ ಕೊಡುವ ಸಂಸ್ಥೆಯೇ, ಲೈಸೆನ್ಸ್ ಕೊಡುತ್ತದೆ. ಅವರು ಸಣ್ಣ ಮೊತ್ತದ ದಾವೆಗಳಲ್ಲಿ ಕಕ್ಷಿದಾರರ ಪರವಾಗಿ ತಾವೇ ಹಾಜರಾಗಬಹುದು. ಇಂಗ್ಲೆಂಡಿನಲ್ಲಿ ಈ ಹೆಸರಿಗೆ ಯಾವ ಕಾವಲೂ ಇಲ್ಲ, ಯಾರು ಬೇಕಾದರೂ ಪ್ಯಾರಾಲೀಗಲ್ ಅಂತ ಹಾಕಿಕೊಳ್ಳಬಹುದು. ಕ್ಯಾಲಿಫೋರ್ನಿಯಾದಲ್ಲಿ ಹಾಗೆ ಹಾಕಿಕೊಳ್ಳಲು ಯಾವ ಓದು ಅಥವಾ ಅನುಭವ ಇರಬೇಕು ಅಂತ ಕಾನೂನೇ ಹೇಳುತ್ತದೆ. ಭಾರತದಲ್ಲಿ ಇನ್ನೊಂದು ಗೊಂದಲ ಇದೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2009ರ ಯೋಜನೆಯಲ್ಲಿ 'ಪ್ಯಾರಾ ಲೀಗಲ್ ವಾಲಂಟಿಯರ್' ಅಂತ ಒಂದು ಪಾತ್ರ ಇದೆ. ಅವರು ಜನರನ್ನು ಉಚಿತ ಕಾನೂನು ನೆರವಿನವರೆಗೆ ತಲುಪಿಸುವ ಸ್ವಯಂಸೇವಕರು, ಸಿಗುವುದು ಗೌರವಧನ. ಲಾ ಫರ್ಮಿನಲ್ಲಿ ಸಂಬಳಕ್ಕೆ ಕೂರುವ ಪ್ಯಾರಾಲೀಗಲ್ ಅದಲ್ಲ. ಎರಡೂ ಒಳ್ಳೆಯ ಕೆಲಸಗಳೇ, ಆದರೆ ಒಂದಕ್ಕೆ ಅರ್ಜಿ ಹಾಕುತ್ತಿದ್ದೇನೆ ಅಂದುಕೊಂಡು ಇನ್ನೊಂದಕ್ಕೆ ಹಾಕಬೇಡಿ. ಹೀಗೆ ಹಾಕಿದವರು ಇದ್ದಾರೆ.

ಎಚ್ಚರ: ಜಾಹೀರಾತಿನಲ್ಲಿ 'ಪ್ಯಾರಾಲೀಗಲ್' ಅಂತ ಇದ್ದ ಮಾತ್ರಕ್ಕೆ ಏನೂ ಗೊತ್ತಾಗುವುದಿಲ್ಲ. ಫೋನ್ ಎತ್ತುವ ಕೆಲಸಕ್ಕೂ ಅದೇ ಹೆಸರು, ಇನ್ನೂರು ಪುಟದ ಕರಾರು ಓದಿ ತಪ್ಪು ಹುಡುಕುವ ಕೆಲಸಕ್ಕೂ ಅದೇ ಹೆಸರು. ಕೆಲಸದ ವಿವರದಲ್ಲಿರುವ ಕ್ರಿಯಾಪದಗಳನ್ನು ಓದಿ. 'ಕರಡು ಸಿದ್ಧಪಡಿಸುವುದು', 'ದಾಖಲೆ ಪರಿಶೀಲಿಸುವುದು', 'ಕಾಲಮಿತಿ ನಿಭಾಯಿಸುವುದು' ಇದ್ದರೆ ಸರಿಯಾದ ಜಾಗ. ಬರೀ 'ಸಹಕರಿಸುವುದು', 'ನೆರವಾಗುವುದು' ಅಂತಲೇ ಇದ್ದರೆ ಏನು ಮಾಡಿಸುತ್ತಾರೆ ಅಂತ ಕೇಳಿ ತಿಳಿದುಕೊಳ್ಳಿ.

2. ಯಾವ ಬಗೆಯ ಆಫೀಸು ನಿಮಗೆ ಒಗ್ಗುತ್ತದೆ ನೋಡಿಕೊಳ್ಳಿ

ದಾವೆ ನಡೆಸುವ ಆಫೀಸಿನಲ್ಲಿ ಗಡಿಬಿಡಿ ಜಾಸ್ತಿ, ತಾರೀಖುಗಳ ಒತ್ತಡ ಜಾಸ್ತಿ, ಆದರೆ ಬೇಸರ ಕಡಿಮೆ. ಕಂಪನಿ ಕರಾರುಗಳ ಕೆಲಸ ವಾರಗಟ್ಟಲೆ ತಣ್ಣಗಿರುತ್ತದೆ. ವ್ಯವಹಾರ ಮುಗಿಯುವ ಕೊನೆಯ ನಾಲ್ಕು ದಿನ ಮಾತ್ರ ನಿದ್ದೆ ಇರುವುದಿಲ್ಲ. ಆಸ್ತಿ ನೋಂದಣಿ, ವೀಸಾ, ಟ್ರೇಡ್‌ಮಾರ್ಕ್ ಇವೆಲ್ಲ ಫಾರಂ ಆಧಾರಿತ ಕೆಲಸಗಳು, ಒಮ್ಮೆ ಕೈಹಿಡಿದರೆ ವೇಗ ಬರುತ್ತದೆ. ಕಂಪನಿಯ ಒಳಗಿನ ಕಾನೂನು ವಿಭಾಗದಲ್ಲಿ ಸಮಯ ಸ್ವಲ್ಪ ನಿಗದಿತ. ಹೊರಗುತ್ತಿಗೆಯಲ್ಲಿ ಬೇರೆ ದೇಶದ ಫರ್ಮುಗಳಿಗೆ ದಾಖಲೆ ಓದಿಕೊಡುವ ಕಂಪನಿಗಳೂ ಇವೆ. ಅಲ್ಲಿ ಶಿಸ್ತು ಚೆನ್ನಾಗಿ ಕಲಿಯಬಹುದು, ಆದರೆ ಒಂದು ಪ್ರಕರಣ ಶುರುವಿನಿಂದ ಕೊನೆವರೆಗೆ ಹೇಗೆ ಸಾಗುತ್ತದೆ ಅಂತ ಕಾಣುವುದಿಲ್ಲ.

ಮೊದಲ ಕೆಲಸವಾದರೆ ನನ್ನ ಓಟು ಚಿಕ್ಕ ಅಥವಾ ಮಧ್ಯಮ ಆಫೀಸಿಗೆ. ದೊಡ್ಡ ಕಡೆ ಆರು ತಿಂಗಳು ಒಂದೇ ಪ್ರಕರಣದ ಇಮೇಲ್ ಓದುತ್ತಾ ಕೂರಿಸಬಹುದು.

3. ಬೇಕಾದ ಸಾಮಾನು ಜೋಡಿಸಿಕೊಳ್ಳಿ

ಕಾನೂನು ಪದವಿ ಇದ್ದರೆ ಒಳ್ಳೆಯದು. ಅನೇಕ ಕಡೆ ಅದಿಲ್ಲದೆಯೂ ತೆಗೆದುಕೊಳ್ಳುತ್ತಾರೆ. ನಿಜವಾಗಿ ನೋಡುವುದು ಬೇರೆ ಸಂಗತಿಗಳನ್ನು.

ವರ್ಡ್ ಚೆನ್ನಾಗಿ ಬರಬೇಕು. 'ಟೈಪ್ ಮಾಡಲು ಬರುತ್ತೆ' ಅನ್ನುವಷ್ಟು ಸಾಲದು. ಪ್ಯಾರಾ ಸಂಖ್ಯೆ ತಾನಾಗಿ ಬರುವ ಹಾಗೆ ಮಾಡುವುದು, ಪರಿವಿಡಿ ಹುಟ್ಟಿಸುವುದು, ಯಾರು ಎಲ್ಲಿ ತಿದ್ದಿದರು ಅಂತ ತೋರಿಸುವ ಟ್ರ್ಯಾಕ್ ಚೇಂಜಸ್ ಬಳಸುವುದು, ಎರಡು ಕರಡುಗಳ ವ್ಯತ್ಯಾಸ ತೆಗೆಯುವುದು, ಇಷ್ಟು ಬೇಕು. ಎಕ್ಸೆಲ್‌ನಲ್ಲಿ ಸಾಲು ಜೋಡಿಸುವುದು, ಫಿಲ್ಟರ್ ಹಾಕುವುದು ಸಾಕು. ಪಿಡಿಎಫ್ ಒಡೆಯುವುದು, ಸೇರಿಸುವುದು, ಪುಟ ಸಂಖ್ಯೆ ಹಾಕುವುದು, ಸ್ಕ್ಯಾನ್ ಮಾಡಿದ ಹಾಳೆಯೊಳಗೆ ಪದ ಹುಡುಕುವ ಹಾಗೆ ಮಾಡುವುದು ಇವನ್ನು ಒಂದು ವಾರ ಕೂತರೆ ಮನೆಯಲ್ಲೇ ಕಲಿಯಬಹುದು.

ಇದಕ್ಕಿಂತ ಮುಖ್ಯ, ನಿಧಾನವಾಗಿ ಓದುವ ತಾಳ್ಮೆ. ನಿಮ್ಮನ್ನು ನೀವೇ ಪರೀಕ್ಷೆ ಮಾಡಿಕೊಳ್ಳಿ. ಬಾಡಿಗೆ ಕರಾರೋ ವಿಮೆ ಪಾಲಿಸಿಯೋ, ಮೂವತ್ತು ನಲವತ್ತು ಪುಟದ ಯಾವುದಾದರೂ ಕಾಗದ ತೆಗೆದುಕೊಂಡು ಪೂರ್ತಿ ಓದಿ. ಅದರಲ್ಲಿ ಬರುವ ಪ್ರತಿ ತಾರೀಖು, ಪ್ರತಿ ಮೊತ್ತ, 'ಮಾಡತಕ್ಕದ್ದು' ಅನ್ನುವ ಪ್ರತಿ ಕರ್ತವ್ಯ, ಇವನ್ನೆಲ್ಲ ಒಂದು ಪಟ್ಟಿ ಮಾಡಿ. ಹತ್ತನೇ ಪುಟಕ್ಕೇ ಫೋನ್ ಕಡೆ ಕೈ ಹೋಯಿತಾ? ಹೋದರೆ ಈ ಕೆಲಸ ನಿಮಗೆ ಕಷ್ಟ ಕೊಡುತ್ತದೆ. ಪಟ್ಟಿ ಮಾಡುತ್ತಾ ಮಾಡುತ್ತಾ 'ಅರೆ, 4ನೇ ಪುಟದಲ್ಲಿ ಒಂದು ಹೇಳಿ 27ರಲ್ಲಿ ಇನ್ನೊಂದು ಹೇಳಿದ್ದಾರಲ್ಲ' ಅಂತ ಖುಷಿಯಾಯಿತಾ? ಹಾಗಾದರೆ ಬನ್ನಿ.

4. ನಿಮ್ಮ ಗೆರೆ ಎಲ್ಲಿದೆ ಅಂತ ಮೊದಲ ದಿನವೇ ಕಲಿಯಿರಿ

ಎಲ್ಲಕ್ಕಿಂತ ಕಷ್ಟದ ಹಂತ ಇದು.

ನೀವು ಸಲಹೆ ಕೊಡುವಂತಿಲ್ಲ. ಕಕ್ಷಿದಾರರನ್ನು ಒಪ್ಪಿಕೊಳ್ಳುವುದು, ಶುಲ್ಕ ನಿಗದಿ ಮಾಡುವುದು, ಸಾಮಾನ್ಯವಾಗಿ ಕೋರ್ಟಿನಲ್ಲಿ ಪರವಾಗಿ ನಿಲ್ಲುವುದು, ಇವೂ ನಿಮ್ಮ ಕೆಲಸವಲ್ಲ. ಭಾರತದಲ್ಲಿ 1961ರ ಅಡ್ವೊಕೇಟ್ಸ್ ಆಕ್ಟ್ ಪ್ರಕಾರ ವಕೀಲಿ ವೃತ್ತಿ ನಡೆಸುವ ಹಕ್ಕು ಅಡ್ವೊಕೇಟ್‌ಗಳಿಗೆ ಮಾತ್ರ. ಅಮೆರಿಕದಲ್ಲಿ ಲೈಸೆನ್ಸ್ ಇಲ್ಲದೆ ವಕೀಲಿ ಮಾಡುವುದು ಬಹುತೇಕ ರಾಜ್ಯಗಳಲ್ಲಿ ಅಪರಾಧ.

ಕಾಗದದ ಮೇಲೆ ಇದು ಸುಲಭ. ಆದರೆ ಸಂಜೆ ಆರೂವರೆಗೆ ಫೋನ್ ಬರುತ್ತದೆ. ವಕೀಲರು ಸಿಗುತ್ತಿಲ್ಲ. ಆ ಕಡೆಯಿಂದ ಒಬ್ಬ ಹೆಂಗಸು, "ಮೇಡಂ, ಅವರು ರಾಜಿ ಪತ್ರಕ್ಕೆ ಸಹಿ ಹಾಕು ಅಂತಿದ್ದಾರೆ, ಹಾಕಲಾ ಬೇಡವಾ? ನೀವೊಂದು ಮಾತು ಹೇಳಿ ಸಾಕು" ಅನ್ನುತ್ತಾರೆ. ಫೈಲು ನೀವೇ ಓದಿದ್ದೀರಿ. ಉತ್ತರ ನಿಮಗೆ ಗೊತ್ತಿದೆ, ಕಡೇಪಕ್ಷ ಗೊತ್ತಿದೆ ಅನ್ನಿಸುತ್ತದೆ. ಅಲ್ಲೇ ಜಾರುವುದು.

ಹೇಳಬೇಕಾದ ಮಾತು ಬಾಯಿಪಾಠ ಆಗಿರಲಿ: "ಅದನ್ನು ನಾನು ಹೇಳುವ ಹಾಗಿಲ್ಲ, ವಕೀಲರೇ ಹೇಳಬೇಕು. ನಿಮ್ಮ ಪ್ರಶ್ನೆಯನ್ನು ಹೀಗೆ ಬರೆದುಕೊಂಡಿದ್ದೇನೆ, ಸರಿ ಇದೆಯಾ? ಈಗಲೇ ಅವರಿಗೆ ಕಳಿಸುತ್ತೇನೆ. ಅವರು ಮಾತಾಡುವ ತನಕ ಯಾವುದಕ್ಕೂ ಸಹಿ ಹಾಕುವ ಆತುರ ಬೇಕಾ ಅಂತ ಅವರನ್ನೇ ಕೇಳೋಣ." ಇದರ ಕೊನೆಯ ವಾಕ್ಯ ನೋಡಿ. "ಸಹಿ ಹಾಕಬೇಡಿ" ಅಂದಿದ್ದರೆ ಅದೇ ಸಲಹೆ ಆಗಿಬಿಡುತ್ತಿತ್ತು.

ಮಾಹಿತಿ ಮತ್ತು ಸಲಹೆ ನಡುವಿನ ವ್ಯತ್ಯಾಸವನ್ನು ಹೀಗೆ ನೆನಪಿಡಿ. 'ವಿಚಾರಣೆ 14ನೇ ತಾರೀಖು ಹತ್ತೂವರೆಗೆ' ಅನ್ನುವುದು ಮಾಹಿತಿ. 'ನೀವು ಬರದಿದ್ದರೂ ನಡೆಯುತ್ತೆ' ಅನ್ನುವುದು ಸಲಹೆ. 'ಈ ಫಾರಂನಲ್ಲಿ ಇಲ್ಲಿ ವಿಳಾಸ ಬರೆಯಬೇಕು' ಮಾಹಿತಿ. 'ಇಲ್ಲಿ ಹಳೆ ವಿಳಾಸ ಬರೆಯಿರಿ, ಅದೇ ನಿಮಗೆ ಅನುಕೂಲ' ಸಲಹೆ.

ಎಚ್ಚರ: ನೆಂಟರು, ಅಕ್ಕಪಕ್ಕದವರು, ಹಳೆ ಸಹಪಾಠಿಗಳು. ಕೆಲಸಕ್ಕೆ ಸೇರಿದ ತಿಂಗಳೊಳಗೆ ಅವರೆಲ್ಲರ ಜಮೀನು ತಕರಾರು ನಿಮ್ಮ ಮುಂದೆ ಬರುತ್ತದೆ. ಅಲ್ಲಿಯೂ ಇದೇ ನಿಯಮ. ಮತ್ತು ಎಲ್ಲಿಯೇ ಆಗಲಿ, ಯಾರಾದರೂ ನಿಮ್ಮನ್ನು 'ಲಾಯರ್ ಮೇಡಂ', 'ಲಾಯರ್ ಸಾರ್' ಅಂದರೆ ಸುಮ್ನೆ ನಕ್ಕು ಬಿಡಬೇಡಿ, ತಿದ್ದಿ. ಇಮೇಲ್ ಕೊನೆಗೆ ಹೆಸರಿನ ಕೆಳಗೆ 'ಪ್ಯಾರಾಲೀಗಲ್' ಅಂತ ಇರಲೇಬೇಕು.

5. ಫೈಲು ಕಟ್ಟುವುದು ಕಲಿಯಿರಿ

ಮೊದಲ ವಾರಗಳಲ್ಲಿ ಜೆರಾಕ್ಸ್ ಮಾಡಿಸುತ್ತಾರೆ, ಹೌದು. ಮಾಡಿ. ಆದರೆ ಮಾಡುವಾಗ ಓದಿ. ಯಾವ ಕಾಗದದ ಹಿಂದೆ ಯಾವ ಕಾಗದ ಬರುತ್ತದೆ ಅಂತ ನೋಡುತ್ತಾ ಹೋದರೆ, ಪ್ರಕರಣ ಹೇಗೆ ನಡೆಯುತ್ತದೆ ಅನ್ನುವುದು ಯಾವ ಕೋರ್ಸಿಗಿಂತ ಚೆನ್ನಾಗಿ ಗೊತ್ತಾಗುತ್ತದೆ.

ಫೈಲಿಗೆ ಹೆಸರಿಡುವಾಗ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ, ಆಮೇಲೆ ಅದೇನು ಅನ್ನುವುದು. 2024-03-09 ಹೀಗೆ ಶುರು ಮಾಡಿದರೆ ಕಂಪ್ಯೂಟರ್ ತಾನೇ ಕಾಲಕ್ರಮದಲ್ಲಿ ಜೋಡಿಸುತ್ತದೆ. 'ಫೈನಲ್', 'ಫೈನಲ್ ಹೊಸದು', 'ನಿಜವಾದ ಫೈನಲ್' ಅನ್ನುವ ಹೆಸರುಗಳಿಂದ ತಪ್ಪು ಕರಡು ಕೋರ್ಟಿಗೆ ಹೋದದ್ದನ್ನು ಕಣ್ಣಾರೆ ನೋಡಿದ್ದೇನೆ.

ಆಮೇಲೆ ಘಟನಾವಳಿ ಪಟ್ಟಿ. ಮೂರು ಕಾಲಮ್ ಸಾಕು: ತಾರೀಖು, ಏನಾಯಿತು, ಅದು ಎಲ್ಲಿ ಸಿಕ್ಕಿತು. ಮೂರನೆಯದನ್ನೇ ಹೊಸಬರು ಬಿಡುತ್ತಾರೆ. '2018ರಲ್ಲಿ ಹಣ ಕೊಟ್ಟರು' ಅಂತ ಬರೆದು, ಯಾವ ಕಾಗದದ ಯಾವ ಪುಟ ಅಂತ ಬರೆಯದಿದ್ದರೆ ಆ ಸಾಲು ವಕೀಲರಿಗೆ ಉಪಯೋಗಕ್ಕೆ ಬರುವುದಿಲ್ಲ. ಇನ್ನೊಂದು, ಕಕ್ಷಿದಾರರು ಬಾಯಲ್ಲಿ ಹೇಳಿದ್ದನ್ನೂ ಕಾಗದ ಹೇಳಿದ್ದನ್ನೂ ಒಂದೇ ಬಣ್ಣದಲ್ಲಿ ಬರೆಯಬೇಡಿ. ಎರಡೂ ಎಷ್ಟು ಸಲ ಬೇರೆ ಬೇರೆ ಇರುತ್ತವೆ ಅಂದರೆ ನಿಮಗೇ ಆಶ್ಚರ್ಯವಾಗುತ್ತದೆ.

6. ತಾರೀಖು: ಇಲ್ಲಿ ಎರಡು ಸಲ ಉಸಿರು ಬಿಟ್ಟು ಓದಿ

ಕಾಲಮಿತಿ ಅಂದರೆ ಒಂದು ಕಾಗದ ಸಲ್ಲಿಸಲು ಕಾನೂನು ಕೊಟ್ಟಿರುವ ಕೊನೆ ದಿನ. ಅದು ದಾಟಿದರೆ ಎಷ್ಟೇ ಒಳ್ಳೆಯ ವಾದವಿದ್ದರೂ ಬಾಗಿಲು ಮುಚ್ಚಿಹೋಗಬಹುದು. ಭಾರತದಲ್ಲಿ ಸಿವಿಲ್ ದಾವೆಗೆ ಉತ್ತರ, ಅಂದರೆ ಲಿಖಿತ ಹೇಳಿಕೆ, ಸಮನ್ಸ್ ಕೈಸೇರಿದ 30 ದಿನದೊಳಗೆ ಸಲ್ಲಬೇಕು. ಕಾರಣ ಕೊಟ್ಟರೆ ಕೋರ್ಟು 90 ದಿನದವರೆಗೆ ಬಿಡಬಹುದು. ಕಮರ್ಷಿಯಲ್ ಕೋರ್ಟಿನ ದಾವೆಯಾದರೆ 120 ದಿನ ದಾಟಿದ ಮೇಲೆ ಉತ್ತರ ಕೊಡುವ ಹಕ್ಕೇ ಹೋಗುತ್ತದೆ. ಅಮೆರಿಕದ ಫೆಡರಲ್ ಕೋರ್ಟುಗಳಲ್ಲಿ ಸಾಮಾನ್ಯವಾಗಿ 21 ದಿನ. ಇಂಗ್ಲೆಂಡಿನಲ್ಲಿ 14 ದಿನ, ನೋಟಿಸ್ ತಲುಪಿತು ಅಂತ ಮೊದಲು ಒಪ್ಪಿಗೆ ಸಲ್ಲಿಸಿದರೆ 28.

ಈಗ ಎಣಿಕೆ. ಒಂದು ಉದಾಹರಣೆ ಮಾಡೋಣ. ಅಮೆರಿಕದ ಆ 21 ದಿನದ ನಿಯಮ ತಗೊಳ್ಳಿ. ಸಮನ್ಸ್ ಮಾರ್ಚ್ 7ರ ಶನಿವಾರ ಕೈಸೇರಿತು. ಕೈಸೇರಿದ ದಿನ ಲೆಕ್ಕಕ್ಕಿಲ್ಲ. 8ನೇ ತಾರೀಖು ಮೊದಲನೇ ದಿನ. ಹಾಗೆ ಎಣಿಸಿದರೆ ಇಪ್ಪತ್ತೊಂದನೇ ದಿನ ಮಾರ್ಚ್ 28, ಅದೂ ಶನಿವಾರ. ಮಾರನೇ ದಿನ ಭಾನುವಾರ. ಕೊನೆ ದಿನ ರಜೆಯಲ್ಲಿ ಬಿದ್ದರೆ ಮುಂದಿನ ಕೆಲಸದ ದಿನಕ್ಕೆ ಹೋಗುತ್ತದೆ, ಆದ್ದರಿಂದ ಉತ್ತರ ಸೋಮವಾರ 30ಕ್ಕೆ. ಭಾರತದ 1963ರ ಲಿಮಿಟೇಷನ್ ಆಕ್ಟ್‌ನಲ್ಲೂ ಮೊದಲ ದಿನ ಬಿಡುವುದು, ಕೊನೆ ದಿನ ಕೋರ್ಟು ಮುಚ್ಚಿದ್ದರೆ ತೆರೆದ ದಿನ ಸಲ್ಲಿಸುವುದು ಇದೆ. ಆದರೆ ಒಂದು ನಿಯಮದ ಎಣಿಕೆಯನ್ನು ಇನ್ನೊಂದಕ್ಕೆ ಅಂದಾಜಿನ ಮೇಲೆ ಹಚ್ಚಬೇಡಿ. ಪ್ರತಿ ಸಲವೂ ಆ ನಿಯಮದ ಪಠ್ಯ ತೆಗೆದು ನೋಡಿ. ಹತ್ತು ವರ್ಷ ಆದಮೇಲೂ ನೋಡಿ.

ನಾನು ಪಾಲಿಸುವ ಕ್ರಮ ಹೀಗೆ. ಕಾಗದ ಬಂದ ದಿನವೇ, ಬೇರೆ ಏನೂ ಮಾಡುವ ಮೊದಲು, ಅದರ ಮೇಲೆ ಬಂದ ತಾರೀಖಿನ ಮೊಹರು. ಲಕೋಟೆ ಎಸೆಯುವುದಿಲ್ಲ, ಯಾಕೆಂದರೆ ಯಾವಾಗ ಕೈಸೇರಿತು ಅನ್ನುವುದಕ್ಕೆ ಅದೇ ಸಾಕ್ಷಿ. ಆಮೇಲೆ ಕ್ಯಾಲೆಂಡರಿನಲ್ಲಿ ನಿಜವಾದ ಕೊನೆ ದಿನ, ಅದಕ್ಕೆ ವಾರ ಮೊದಲು ಒಂದು ಎಚ್ಚರಿಕೆ, ಎರಡು ದಿನ ಮೊದಲು ಇನ್ನೊಂದು. ಪಕ್ಕದಲ್ಲಿ ಯಾವ ನಿಯಮದಡಿ ಎಣಿಸಿದೆ ಅಂತ ಒಂದು ಸಾಲು. ಎಣಿಕೆಯನ್ನು ಇನ್ನೊಬ್ಬರ ಕೈಲಿ ಮಾಡಿಸಿ ತಾಳೆ ನೋಡುವುದು. ನನ್ನ ಉತ್ತರ ಹೇಳದೆ ಮಾಡಿಸಬೇಕು, ಹೇಳಿಬಿಟ್ಟರೆ ಅವರು "ಹ್ಞೂಂ ಸರಿ ಇದೆ" ಅಂತಾರೆ ಅಷ್ಟೇ. ಕೊನೆಗೆ ಆ ತಾರೀಖನ್ನು ವಕೀಲರಿಗೆ ಬರಹದಲ್ಲಿ ಕಳಿಸಿ ಒಪ್ಪಿಗೆ ತೆಗೆದುಕೊಳ್ಳುವುದು.

ಎಚ್ಚರ: ಆನ್‌ಲೈನ್ ಸಲ್ಲಿಕೆ ಇದ್ದರೆ 'ರಾತ್ರಿ ಹನ್ನೆರಡರ ತನಕ ಟೈಮ್ ಇದೆ' ಅನ್ನುವ ವಕೀಲರು ಪ್ರತಿ ಆಫೀಸಿನಲ್ಲೂ ಒಬ್ಬರಿರುತ್ತಾರೆ. ಹನ್ನೊಂದೂ ಮುಕ್ಕಾಲಿಗೆ ಫೈಲು ದೊಡ್ಡದಾಯಿತು ಅಂತ ಸೈಟು ವಾಪಸ್ ತಳ್ಳಿದಾಗ ಕೀಬೋರ್ಡ್ ಮುಂದೆ ಇರುವವರು ನೀವು. ಅವರಿಗೆ ಹಿಂದಿನ ದಿನದ ತಾರೀಖನ್ನೇ ಗುರಿಯಾಗಿ ಕೊಡಿ. ಸುಳ್ಳು ಹೇಳಬೇಡಿ, 'ಒಳಗಿನ ಕೊನೆ ದಿನ' ಅಂತಲೇ ಬರೆದು ಕೊಡಿ.

7. ರಾಶಿ ದಾಖಲೆ ಓದುವುದು

ದೊಡ್ಡ ದಾವೆಗಳಲ್ಲಿ ಎರಡೂ ಕಡೆಯವರು ಸಾವಿರಾರು ಇಮೇಲ್, ಬಿಲ್ಲು, ಪತ್ರ ಒಬ್ಬರಿಗೊಬ್ಬರು ಕೊಡಬೇಕಾಗುತ್ತದೆ. ಅಮೆರಿಕ, ಇಂಗ್ಲೆಂಡಿನಲ್ಲಿ ಇದು ಬಹಳ ವಿಸ್ತಾರ. ಕೊಡುವ ಮೊದಲು ಪ್ರತಿಯೊಂದನ್ನೂ ಓದಿ ವಿಂಗಡಿಸುವುದು ನಿಮ್ಮ ಪಾಲು: ಪ್ರಕರಣಕ್ಕೆ ಸಂಬಂಧ ಇದೆಯಾ, ವಕೀಲರು ಮತ್ತು ಕಕ್ಷಿದಾರರ ನಡುವಿನ ಗುಟ್ಟಿನ ಮಾತಾ. ಆ ಎರಡನೆಯದಕ್ಕೆ 'ಪ್ರಿವಿಲೆಜ್' ಅಂತಾರೆ, ಎದುರು ಪಕ್ಷಕ್ಕೆ ತೋರಿಸಬೇಕಾಗಿಲ್ಲದ ಮಾತು ಅಂತ ಅರ್ಥ. ಅನುಮಾನ ಬಂದರೆ ನೀವೇ ತೀರ್ಮಾನ ಮಾಡಬೇಡಿ, ಬೇರೆ ಗುಂಪಿಗೆ ಹಾಕಿ ವಕೀಲರಿಗೆ ತೋರಿಸಿ.

ಪ್ರತಿ ಹಾಳೆಗೂ ಒಂದು ಕ್ರಮಸಂಖ್ಯೆ ಬೀಳುತ್ತದೆ. ಅದಕ್ಕೆ ಬೇಟ್ಸ್ ನಂಬರ್ ಅನ್ನುತ್ತಾರೆ. 1890ರ ದಶಕದಲ್ಲಿ ಎಡ್ವಿನ್ ಬೇಟ್ಸ್ ಎಂಬವರು ಪೇಟೆಂಟ್ ಪಡೆದ, ಒತ್ತಿದಾಗಲೆಲ್ಲ ಮುಂದಿನ ಸಂಖ್ಯೆಗೆ ತಾನೇ ಹೋಗುವ ಮೊಹರಿನ ಯಂತ್ರದಿಂದ ಬಂದ ಹೆಸರು. ಈಗ ಸಾಫ್ಟ್‌ವೇರ್ ಹಾಕುತ್ತದೆ, ಹೆಸರು ಹಾಗೇ ಉಳಿದಿದೆ.

ಕೆಲಸ ಹೇಗಿರುತ್ತದೆ ಅಂದರೆ, ಮೂರು ದಿನ ಏನೂ ಸಿಗುವುದಿಲ್ಲ. ಮಧ್ಯಾಹ್ನದ ಮೇಲೆ ಕಣ್ಣು ಓದುತ್ತದೆ, ತಲೆ ಓದುವುದಿಲ್ಲ. ಗಂಟೆಗೊಮ್ಮೆ ಏಳಿ. ಒಂದು ತಾಸು ಮಂಪರಿನಲ್ಲಿ ವಿಂಗಡಿಸಿದ್ದನ್ನು ಮತ್ತೆ ನೋಡುವ ಪ್ರಾಮಾಣಿಕತೆ ಬೇಕು, ಯಾಕೆಂದರೆ ಬೇರೆ ಯಾರೂ ಅದನ್ನು ಮತ್ತೆ ನೋಡದೇ ಇರಬಹುದು.

ಎಚ್ಚರ: ಮುಚ್ಚಬೇಕಾದ ಸಾಲಿನ ಮೇಲೆ ಪಿಡಿಎಫ್‌ನಲ್ಲಿ ಕಪ್ಪು ಡಬ್ಬಿ ಎಳೆದರೆ ಅದು ಮುಚ್ಚಿದಂತಲ್ಲ. ಕೆಳಗಿನ ಅಕ್ಷರ ಅಲ್ಲೇ ಇರುತ್ತದೆ, ನಕಲು ಮಾಡಿ ಬೇರೆ ಕಡೆ ಅಂಟಿಸಿದರೆ ಓದಬಹುದು. 2019ರ ಜನವರಿಯಲ್ಲಿ ಅಮೆರಿಕದ ಒಂದು ಭಾರಿ ರಾಜಕೀಯ ಪ್ರಕರಣದಲ್ಲಿ ಆರೋಪಿ ಪರ ವಕೀಲರು ಸಲ್ಲಿಸಿದ ಕಾಗದದಲ್ಲಿ ಇದೇ ಆಯಿತು. ಪತ್ರಕರ್ತರು ಕೆಲವೇ ಹೊತ್ತಿನಲ್ಲಿ ಎಲ್ಲ ಓದಿಬಿಟ್ಟರು. ಸಾಫ್ಟ್‌ವೇರಿನ 'ರಿಡ್ಯಾಕ್ಟ್' ಸೌಲಭ್ಯವನ್ನೇ ಬಳಸಿ, ಉಳಿಸಿದ ಮೇಲೆ ನೀವೇ ಕಳ್ಳರ ಹಾಗೆ ನಕಲು ಮಾಡಿ, ಹುಡುಕಿ ನೋಡಿ.

8. ಬಾಯಿ ಮುಚ್ಚಿಕೊಂಡಿರುವುದು

ಇದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಗುಟ್ಟು ಕಾಪಾಡುವುದು ವಕೀಲರಿಗೆ ಎಷ್ಟು ಕಡ್ಡಾಯವೋ ನಿಮಗೂ ಅಷ್ಟೇ. ಭಾರತದ 1872ರ ಸಾಕ್ಷ್ಯ ಕಾಯ್ದೆಯ 127ನೇ ಸೆಕ್ಷನ್ ವಕೀಲರ ಗುಮಾಸ್ತರನ್ನೂ ದುಭಾಷಿಗಳನ್ನೂ ಹೆಸರಿಸಿಯೇ ಸೇರಿಸಿತ್ತು. ಬಸ್ಸಿನಲ್ಲಿ ಫೋನ್ ಮೇಲೆ ಕಕ್ಷಿದಾರರ ಹೆಸರು ಹೇಳಬೇಡಿ. ಮೇಜಿನ ಫೋಟೋ ಹಾಕಬೇಡಿ, ಹಿಂದೆ ಫೈಲು ಕಾಣುತ್ತದೆ. ಇಮೇಲ್ ಕಳಿಸುವಾಗ ವಿಳಾಸ ತಾನಾಗಿ ತುಂಬಿಕೊಳ್ಳುತ್ತದಲ್ಲ, ಅದು ಈ ವೃತ್ತಿಯ ಶತ್ರು. ಒಂದೇ ಹೆಸರಿನ ಇಬ್ಬರಲ್ಲಿ ಒಬ್ಬರು ಎದುರು ಪಕ್ಷದ ವಕೀಲರಾಗಿರಬಹುದು.

ಹೊಸ ಕಕ್ಷಿದಾರರು ಬಂದಾಗ ಹಿತಾಸಕ್ತಿ ತಾಕಲಾಟದ ಪರಿಶೀಲನೆಯೂ ನಿಮಗೇ ಬೀಳುತ್ತದೆ. ಅಂದರೆ ಈ ಆಫೀಸು ಈಗಾಗಲೇ ಎದುರಾಳಿಯ ಪರ ಕೆಲಸ ಮಾಡಿದೆಯಾ ಅಂತ ಹುಡುಕುವುದು. ಹೆಸರಿನ ಎಲ್ಲ ಕಾಗುಣಿತದಲ್ಲೂ ಹುಡುಕಿ, ಕಂಪನಿಯಾದರೆ ನಿರ್ದೇಶಕರ ಹೆಸರನ್ನೂ ಹಾಕಿ. ನಿಮ್ಮ ಹಿಂದಿನ ಆಫೀಸಿನ ಪ್ರಕರಣ ಇಲ್ಲಿ ಎದುರಾದರೆ ಮೊದಲೇ ಹೇಳಿಬಿಡಿ. ಆ ಫೈಲಿನಿಂದ ನಿಮ್ಮನ್ನು ದೂರ ಇಡುತ್ತಾರೆ, ಅಷ್ಟೇ.

9. ಸಮಯ ಬರೆದಿಡುವುದು

ಗಂಟೆ ಲೆಕ್ಕದಲ್ಲಿ ಬಿಲ್ ಮಾಡುವ ಫರ್ಮಿಗೆ ಹೋದರೆ ದಿನವನ್ನು ಆರು ಆರು ನಿಮಿಷದ ತುಂಡು ಮಾಡಿ ಬರೆಯಬೇಕು. ಗಂಟೆಯ ಹತ್ತನೇ ಒಂದು ಭಾಗ, 0.1. ಮೊದಲು ಇದು ತಮಾಷೆ ಅನ್ನಿಸುತ್ತದೆ, ಆಮೇಲೆ ಕನಸಿನಲ್ಲೂ ಬರುತ್ತದೆ. ಅಮೆರಿಕದ ಸುಪ್ರೀಂ ಕೋರ್ಟು 1989ರಲ್ಲಿ, ಮಿಸ್ಸೌರಿ ವಿರುದ್ಧ ಜೆಂಕಿನ್ಸ್ ಪ್ರಕರಣದಲ್ಲಿ, ಎದುರು ಪಕ್ಷದಿಂದ ವಕೀಲರ ಶುಲ್ಕ ಕೊಡಿಸುವಾಗ ಪ್ಯಾರಾಲೀಗಲ್ ಕೆಲಸವನ್ನೂ ಮಾರುಕಟ್ಟೆ ದರದಲ್ಲೇ ಸೇರಿಸಬಹುದು ಅಂದಿತು. ಜೊತೆಗೆ, ಬರೀ ಗುಮಾಸ್ತಿಕೆಯ ಕೆಲಸಕ್ಕೆ ಆ ದರ ಹಾಕಬಾರದು ಅಂತಲೂ ಹೇಳಿತು. ಆದ್ದರಿಂದ ಏನು ಮಾಡಿದಿರಿ ಅಂತ ಬರೆಯುವ ರೀತಿ ಮುಖ್ಯ.

'ದಾಖಲೆ ಪರಿಶೀಲನೆ, 4 ಗಂಟೆ' ಅಂತ ಬರೆದರೆ ಯಾರೂ ನಂಬುವುದಿಲ್ಲ. 'ಎದುರು ಪಕ್ಷ ಕೊಟ್ಟ ಬ್ಯಾಂಕ್ ಹಾಳೆ ಓದಿ ನಗದು ಜಮೆಗಳ ಪಟ್ಟಿ ತಯಾರಿ, 2.3' ಅಂದರೆ ಕಕ್ಷಿದಾರರಿಗೂ ಅರ್ಥವಾಗುತ್ತದೆ. ಕೆಲಸ ಮುಗಿದ ಕೂಡಲೇ ಬರೆಯಿರಿ. ಶುಕ್ರವಾರ ಕೂತು ಸೋಮವಾರದ್ದು ನೆನಪಿಸಿಕೊಂಡರೆ ಒಂದೋ ನಿಮಗೆ ನಷ್ಟ, ಇಲ್ಲಾ ಕಕ್ಷಿದಾರರಿಗೆ ಮೋಸ.

10. ಎಐ ಬಳಸುತ್ತೀರಾ? ಒಂದು ನಿಯಮ ಸಾಕು

ಅದು ಕೊಟ್ಟ ತೀರ್ಪನ್ನು ಮೂಲದಲ್ಲಿ ತೆರೆದು ಓದದೆ ಒಂದಕ್ಷರವೂ ಕರಡಿಗೆ ಹೋಗಬಾರದು. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ ಚಾಟ್‌ಜಿಪಿಟಿ ಹುಟ್ಟಿಸಿದ, ಇಲ್ಲವೇ ಇಲ್ಲದ ತೀರ್ಪುಗಳನ್ನು ಸಲ್ಲಿಸಿದ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ದಂಡ ವಕೀಲರಿಗೆ ಬಿದ್ದರೂ, ಹುಡುಕಿ ತೆಗೆಯುವ ಕೆಲಸ ಮಾಮೂಲಾಗಿ ಯಾರದು ಹೇಳಿ? ಕಕ್ಷಿದಾರರ ಕಾಗದವನ್ನು ಆಫೀಸು ಒಪ್ಪದ ಯಾವ ಟೂಲಿಗೂ ಹಾಕಬೇಡಿ, ಇದು 8ನೇ ಹಂತದ ಮಾತೇ.

11. ತಪ್ಪಾದಾಗ

ಆಗುತ್ತದೆ. ನನ್ನಿಂದ ಕೆಲಸದ ಎರಡನೇ ವರ್ಷದಲ್ಲಿ ಆಯಿತು, ಅಫಿಡವಿಟ್‌ಗೆ, ಅಂದರೆ ಪ್ರಮಾಣ ಮಾಡಿ ಸಹಿ ಹಾಕಿದ ಹೇಳಿಕೆಗೆ, ತಪ್ಪು ಪುಟ ಲಗತ್ತಿಸಿ ಕಳಿಸಿಬಿಟ್ಟೆ. ಗೊತ್ತಾದ ಮೇಲೆ ಅರ್ಧ ದಿನ ಹೇಳದೆ ಕೂತೆ, ಅದೇ ದೊಡ್ಡ ತಪ್ಪು. ಬೆಳಿಗ್ಗೆ ಹೇಳಿದ್ದರೆ ಒಂದು ಪತ್ರದಲ್ಲಿ ಮುಗಿಯುತ್ತಿತ್ತು, ಮಧ್ಯಾಹ್ನಕ್ಕೆ ಅರ್ಜಿ ಹಾಕಬೇಕಾಯಿತು.

ತಪ್ಪು ಕಂಡ ಹತ್ತು ನಿಮಿಷದಲ್ಲಿ ವಕೀಲರ ಮುಂದೆ ಇರಿ. ಏನಾಯಿತು, ಯಾವಾಗ, ಈಗ ಆ ಕಾಗದ ಯಾರ ಹತ್ತಿರ ಇದೆ, ಇಷ್ಟೇ ಹೇಳಿ. ಯಾಕೆ ಆಯಿತು ಅನ್ನುವುದು ಆಮೇಲೆ. ನೀವೇ ಎದುರು ಕಡೆಯವರಿಗೆ ಫೋನ್ ಮಾಡಿ ಸರಿಪಡಿಸಲು ಹೋಗಬೇಡಿ. ಹಳೆ ತಾರೀಖು ಹಾಕುವುದು, ಪುಟ ಬದಲಿಸುವುದು, ಇಂಥವು ಯಾರೇ ಹೇಳಿದರೂ ಬೇಡ. ವಕೀಲರೇ ಹೇಳಿದರೂ ಬೇಡ. ಹಾಗೆ ಹೇಳಿದರೆ ಆ ಆಫೀಸು ಬಿಡುವ ಹೊತ್ತು ಬಂದಿದೆ.

12. ದುಡ್ಡು, ದಣಿವು, ಮುಂದಿನ ದಾರಿ

ಶುರುವಿನ ಸಂಬಳ ಕೆಲಸದ ಭಾರಕ್ಕೆ ಹೋಲಿಸಿದರೆ ಕಮ್ಮಿ ಅನ್ನಿಸುತ್ತದೆ, ಕಿರಿಯ ವಕೀಲರ ಪಕ್ಕ ಕೂತು ಅದೇ ಫೈಲು ಓದುವಾಗ ಇನ್ನೂ ಅನ್ನಿಸುತ್ತದೆ. ನೀವು ಬರೆದ ಕರಡಿನ ಕೆಳಗೆ ಬೇರೆಯವರ ಸಹಿ ಇರುತ್ತದೆ. ಅದಕ್ಕೆ ಮನಸ್ಸು ಒಗ್ಗದವರು ಎರಡು ವರ್ಷದೊಳಗೆ ಬಿಡುತ್ತಾರೆ. ವಿಚಾರಣೆ ಹತ್ತಿರ ಬಂದಾಗ ರಾತ್ರಿ, ಭಾನುವಾರ ಲೆಕ್ಕಕ್ಕಿಲ್ಲ. ಕೌಟುಂಬಿಕ ಅಥವಾ ಅಪರಾಧ ಪ್ರಕರಣಗಳಾದರೆ ಓದಿದ್ದು ಮನೆಗೂ ಜೊತೆಯಲ್ಲಿ ಬರುತ್ತದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಇಷ್ಟಾದರೂ ನಾನು ಉಳಿದಿದ್ದೇನೆ. ಸಾವಿರ ಹಾಳೆಯ ನಡುವೆ ಆ ಒಂದು ಹಾಳೆ ಸಿಗುವ ಕ್ಷಣಕ್ಕೆ, ಮತ್ತೆ ಒಂದು ಜಗಳದ ಪೂರ್ತಿ ಕಥೆ ಆಫೀಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತಿರುತ್ತದೆ ಅನ್ನುವ ಸಣ್ಣ ಜಂಬಕ್ಕೆ.

ವಕೀಲರಾಗುವ ಆಸೆಯಿದ್ದರೆ ಈ ಅನುಭವ ವ್ಯರ್ಥವಲ್ಲ. ಇಂಗ್ಲೆಂಡಿನಲ್ಲಿ 2021ರಿಂದ ಬಂದಿರುವ ಸಾಲಿಸಿಟರ್ (ಅಲ್ಲಿನ ಒಂದು ಬಗೆಯ ವಕೀಲರು) ಪರೀಕ್ಷಾ ಪದ್ಧತಿಯಲ್ಲಿ ಬೇಕಾದ 2 ವರ್ಷದ ಅನುಭವಕ್ಕೆ ಪ್ಯಾರಾಲೀಗಲ್ ಕೆಲಸವನ್ನೂ ಲೆಕ್ಕ ಹಿಡಿಸಬಹುದು, ಹೆಚ್ಚೆಂದರೆ 4 ಸಂಸ್ಥೆಗಳಲ್ಲಿ ಮಾಡಿದ್ದು. ಬೇರೆ ಬಹಳಷ್ಟು ಕಡೆ ಹಾಗೆ ಸೇತುವೆ ಇಲ್ಲ, ಕಾನೂನು ಪದವಿ ಮಾಡಲೇಬೇಕು. 'ಇಲ್ಲೇ ಇದ್ದು ಇದ್ದು ವಕೀಲರಾಗಿಬಿಡುತ್ತೇನೆ' ಅನ್ನುವ ಲೆಕ್ಕಾಚಾರ ಬೇಡ. ನೀವಿರುವ ಕಡೆಯ ನಿಯಮ ಮೊದಲು ಓದಿ.

13. ಸಂದರ್ಶನದಲ್ಲಿ ನೀವೂ ಕೇಳಿ

ಹೊಸಬರು ಉತ್ತರ ಮಾತ್ರ ತಯಾರಿ ಮಾಡಿಕೊಂಡು ಹೋಗುತ್ತಾರೆ. ಈ ಪ್ರಶ್ನೆಗಳನ್ನು ನೀವು ಕೇಳಿ. ನಾನು ಎಷ್ಟು ಜನ ವಕೀಲರ ಕೆಳಗೆ ಕೆಲಸ ಮಾಡಬೇಕು? ಇಬ್ಬರು ಒಂದೇ ಹೊತ್ತಿಗೆ ಕೆಲಸ ಕೊಟ್ಟರೆ ಯಾವುದು ಮೊದಲು ಅಂತ ಯಾರು ಹೇಳುತ್ತಾರೆ? ನನ್ನ ಕರಡನ್ನು ಯಾರು ಓದುತ್ತಾರೆ? ಇಲ್ಲಿ ಕಾಲಮಿತಿ ಕ್ಯಾಲೆಂಡರ್ ಯಾವುದು, ಅದು ಯಾರ ಕೈಯಲ್ಲಿದೆ? ಈ ಕೊನೆಯದಕ್ಕೆ 'ಅವರವರ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ' ಅಂದರೆ ಜೋಪಾನ.

ಆಮೇಲೆ ಮೆಲ್ಲಗೆ, ನಗುತ್ತಾ, ಈ ಜಾಗದಲ್ಲಿ ಮೊದಲಿದ್ದವರು ಈಗ ಎಲ್ಲಿದ್ದಾರೆ ಅಂತ ಕೇಳಿ. 'ಕಾನೂನು ಓದಲು ಹೋದರು', 'ಮೇಲಿನ ಹುದ್ದೆಗೆ ಹೋದರು' ಅಂತ ತಕ್ಷಣ ಬಂದರೆ ಸರಿ. ಸಂದರ್ಶನ ಮಾಡುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಮನೆಗೆ ಬಂದು ಇನ್ನೊಂದು ಕಡೆಗೂ ಅರ್ಜಿ ಹಾಕಿಡಿ.